ಜನರೇಟರ್ ಬ್ಯಾಟರಿಯನ್ನು ಸದಾ ಚಾರ್ಜಿನಲ್ಲಿಡುವ ಬಗೆ

ಅಪಾರ್ಟ್‌ಮೆಂಟ್, ಕಲ್ಯಾಣ ಮಂಟಪ, ನರ್ಸಿಂಗ್ ಹೋಮ್‌ಗಳ ಹಿಂಬದಿಯಲ್ಲಿ ನಿಂತಿರುವ ಡೀಸೆಲ್ ಜನರೇಟರ್ ಕರೆಂಟ್ ಹೋದ ಹೊತ್ತಿನಲ್ಲಿ ಸ್ಟಾರ್ಟ್ ಆಗದೆ ಕೈಕೊಟ್ಟರೆ, ದೋಷ ಎಂಜಿನ್ನಿನಲ್ಲಿರುವುದಕ್ಕಿಂತ ಅದರ ಬ್ಯಾಟರಿಯಲ್ಲಿರುವ ಸಂಭವವೇ ಹೆಚ್ಚು. ಆಯಿಲ್, ಫಿಲ್ಟರ್, ಕೂಲೆಂಟ್‌ಗಳನ್ನು ವಾರ್ಷಿಕ ನಿರ್ವಹಣೆಯ ಒಪ್ಪಂದದ ಪ್ರಕಾರ ಮೆಕ್ಯಾನಿಕ್ ಬಂದು ಬದಲಾಯಿಸಿ ಹೋಗುತ್ತಾರೆ; ಡೀಸೆಲ್ ಎಷ್ಟಿದೆ ಎಂಬುದನ್ನು ವಾಚ್‌ಮನ್ ನೋಡಿಕೊಳ್ಳುತ್ತಾರೆ; ಬ್ಯಾಟರಿ ಮಾತ್ರ ಯಾರ ಜವಾಬ್ದಾರಿಗೂ ಸೇರದೆ ಉಳಿದುಬಿಡುತ್ತದೆ. ಕೆಟ್ಟಾಗ ಹೊಸದು ತಂದು ಹಾಕಿದರಾಯಿತು ಎಂದು ಅಸೋಸಿಯೇಷನ್ ಸಭೆಗಳಲ್ಲಿ ಹೇಳುವವರಿದ್ದಾರೆ. ಆದರೆ ಹಳೆಯದನ್ನು ಕೆಡಿಸಿದ ಕಾರಣ ಹಾಗೆಯೇ ಉಳಿದಿದ್ದರೆ ಹೊಸದನ್ನೂ ಅದೇ ಕಾರಣ ಕೆಡಿಸುತ್ತದೆ.

ಜನರೇಟರ್ ಬ್ಯಾಟರಿ ದುಡಿದು ಸವೆಯುವುದಕ್ಕಿಂತ ಸುಮ್ಮನೆ ಕುಳಿತು ಹಾಳಾಗುವುದೇ ಹೆಚ್ಚು. ಇದನ್ನು ಲೆಕ್ಕ ಹಾಕಿಯೇ ನೋಡಬಹುದು. 12 ವೋಲ್ಟಿನ, 100 ಆಂಪಿಯರ್-ಅವರ್ (ಅಂದರೆ ಒಂದು ಆಂಪಿಯರನ್ನು ನೂರು ತಾಸು ಕೊಡುವಷ್ಟು) ಬ್ಯಾಟರಿಯಿರುವ ಮಧ್ಯಮ ಗಾತ್ರದ ಒಂದು ಜನರೇಟರ್ ಸೆಟ್ ಇದೆ ಎಂದುಕೊಳ್ಳೋಣ. ಸ್ಟಾರ್ಟ್ ಮಾಡುವಾಗ ಸೆಲ್ಫ್ ಮೋಟಾರ್ 400 ಆಂಪಿಯರ್ ಎಳೆದರೂ, ನಾಲ್ಕು ಸೆಕೆಂಡಿನಲ್ಲಿ ಎಂಜಿನ್ ಹತ್ತಿಕೊಂಡರೆ ಖರ್ಚಾಗುವುದು ಅರ್ಧ ಆಂಪಿಯರ್-ಅವರ್‌ಗಿಂತ ಕಡಿಮೆ. ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಪುಟ್ಟ ಆಲ್ಟರ್ನೇಟರ್ ಅಷ್ಟನ್ನು ಕೆಲವೇ ನಿಮಿಷಗಳಲ್ಲಿ ತುಂಬಿಕೊಡುತ್ತದೆ. ಇನ್ನೊಂದು ಕಡೆ, ಕರೆಂಟ್ ಹೋಗುವುದನ್ನೇ ಕಾಯುತ್ತ ಎಚ್ಚರವಾಗಿದ್ದು, ಹೋದ ಕೂಡಲೇ ಜನರೇಟರನ್ನು ತಾನಾಗಿಯೇ ಸ್ಟಾರ್ಟ್ ಮಾಡುವ ಎಎಂಎಫ್ (ಆಟೋ ಮೇನ್ಸ್ ಫೇಲ್ಯೂರ್) ಪ್ಯಾನಲ್ಲಿನ ಕಂಟ್ರೋಲರ್, ರಿಲೇಗಳು, ಸೂಚಕ ದೀಪಗಳು ಎಲ್ಲವೂ ಸೇರಿ ಬರೀ 100 ಮಿಲಿಆಂಪಿಯರ್ ಎಳೆಯುತ್ತಿದ್ದರೂ ದಿನಕ್ಕೆ 2.4, ವಾರಕ್ಕೆ ಸುಮಾರು 17 ಆಂಪಿಯರ್-ಅವರ್ ಸೋರಿಹೋಗುತ್ತದೆ. ಒಂದು ತಿಂಗಳಲ್ಲಿ ಬ್ಯಾಟರಿಯ ಮುಕ್ಕಾಲು ಪಾಲು ಹೀಗೆಯೇ ಕರಗುತ್ತದೆ. ಯಾವುದಕ್ಕೂ ಜೋಡಿಸದೆ ಇಟ್ಟರೂ ಲೆಡ್-ಆಸಿಡ್ ಬ್ಯಾಟರಿ ತಾನಾಗಿಯೇ ತಿಂಗಳಿಗೆ ಶೇಕಡ 3ರಿಂದ 5ರಷ್ಟು ಇಳಿಯುತ್ತದೆ, ಬಿಸಿಲಿನ ಊರುಗಳಲ್ಲಿ ಇನ್ನೂ ಹೆಚ್ಚು.

ವಾರಕ್ಕೊಮ್ಮೆ ಐದು ನಿಮಿಷ ಜನರೇಟರ್ ಓಡಿಸಿದರೆ ಬ್ಯಾಟರಿ ಚಾರ್ಜ್ ಆಗುತ್ತದೆ ಎಂಬ ನಂಬಿಕೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಆಲ್ಟರ್ನೇಟರ್ 35 ಆಂಪಿಯರ್ ಪೂರ್ತಿ ಕೊಟ್ಟರೂ ಐದು ನಿಮಿಷದಲ್ಲಿ ಒಳಗೆ ಹೋಗುವುದು 3 ಆಂಪಿಯರ್-ಅವರ್‌ನಷ್ಟು ಮಾತ್ರ. ಹೋದದ್ದು 17, ಬಂದದ್ದು 3. ಹೀಗೆ ಸದಾ ಅರೆಬರೆ ಚಾರ್ಜಿನಲ್ಲಿ ಕುಳಿತ ಬ್ಯಾಟರಿಯ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಹರಳುಗಟ್ಟುತ್ತದೆ. ಮೊದಮೊದಲು ಮೆತ್ತಗಿರುವ ಈ ಹರಳುಗಳು ಚಾರ್ಜ್ ಮಾಡಿದಾಗ ಕರಗುತ್ತವೆಯಾದರೂ, ವಾರಗಟ್ಟಲೆ ಹಾಗೆಯೇ ಬಿಟ್ಟರೆ ಗಟ್ಟಿಯಾಗಿ, ಎಷ್ಟು ಚಾರ್ಜ್ ಮಾಡಿದರೂ ಕರಗದ ಹಂತ ತಲುಪುತ್ತವೆ. ಆಗ ಬ್ಯಾಟರಿ ವೋಲ್ಟೇಜನ್ನೇನೋ ಸರಿಯಾಗಿಯೇ ತೋರಿಸುತ್ತದೆ, ಸೆಲ್ಫ್ ಹೊಡೆದಾಗ ಮಾತ್ರ ಕುಸಿದುಬೀಳುತ್ತದೆ. ಕರೆಂಟ್ ಆಗಾಗ ಹೋಗುತ್ತಿದ್ದ ಕಡೆ ಜನರೇಟರ್ ತಾಸುಗಟ್ಟಲೆ ಓಡಿ ಬ್ಯಾಟರಿ ತಾನಾಗಿಯೇ ತುಂಬಿಕೊಳ್ಳುತ್ತಿತ್ತು. ವಿದ್ಯುತ್ ಪೂರೈಕೆ ಸುಧಾರಿಸಿದ ಬಡಾವಣೆಗಳಲ್ಲಿ ಈ ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣವೆಂದು ನನ್ನ ಅನಿಸಿಕೆ.

ಹಾಗಾಗಿ ಬ್ಯಾಟರಿಯನ್ನು ತುಂಬಿಡುವ ಕೆಲಸ ಎಂಜಿನ್ನಿನದಲ್ಲ, ಮನೆಯ ಕರೆಂಟಿನಿಂದ ನಡೆಯುತ್ತ, ತುಂಬಿದ ಬ್ಯಾಟರಿಯನ್ನು ಇಳಿಯಗೊಡದಂತೆ ಸದಾ ಜೋಡಿಸಿಯೇ ಇಡುವ ಫ್ಲೋಟ್ ಚಾರ್ಜರಿನದು. ಎಎಂಎಫ್ ಪ್ಯಾನಲ್ ಇರುವ ಹೆಚ್ಚಿನ ಸೆಟ್‌ಗಳಲ್ಲಿ ಇದು ಪ್ಯಾನಲ್ಲಿನ ಒಳಗೇ ಇರುತ್ತದೆ. ಕೀಲಿ ತಿರುಗಿಸಿ ಸ್ಟಾರ್ಟ್ ಮಾಡುವ ಸಣ್ಣ ಸೆಟ್‌ಗಳಿಗೆ ಬೇರೆಯಾಗಿ ಕೊಂಡು ಜೋಡಿಸಬೇಕಾಗುತ್ತದೆ.

ಕೆಲಸಕ್ಕೆ ಕೈಹಾಕುವ ಮುನ್ನ

ಬ್ಯಾಟರಿಯ ಹತ್ತಿರ ಹೋಗುವ ಮೊದಲು ಕಂಟ್ರೋಲರನ್ನು ಆಟೋದಿಂದ ತಪ್ಪಿಸಿ ಸ್ಟಾಪ್‌ಗೆ ತರಬೇಕು ಮತ್ತು ತುರ್ತು ನಿಲುಗಡೆಯ ಕೆಂಪು ಗುಂಡಿಯನ್ನು ಒತ್ತಿಡಬೇಕು. ನೀವು ಕೆನೊಪಿಯ (ಜನರೇಟರನ್ನು ಮುಚ್ಚಿರುವ ಹೊರಪೆಟ್ಟಿಗೆಯ) ಬಾಗಿಲು ತೆರೆದು ಕೈ ಒಳಗಿಟ್ಟ ಕ್ಷಣದಲ್ಲೇ ಕರೆಂಟ್ ಹೋಗಬಹುದು. ಆಗ ಯಾರನ್ನೂ ಕೇಳದೆ ಎಂಜಿನ್ ತಿರುಗುತ್ತದೆ, ಫ್ಯಾನ್ ಮತ್ತು ಬೆಲ್ಟ್ ಅಲ್ಲೇ ಇರುತ್ತವೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ ಗಾಳಿಯಲ್ಲಿ ಶೇಕಡ 4ರಷ್ಟು ಸೇರಿದರೂ ಕಿಡಿ ತಾಗಿದರೆ ಸಿಡಿಯಬಲ್ಲದು. ಆದ್ದರಿಂದ ಕ್ಲಾಂಪ್ ಬಿಚ್ಚುವ ಮೊದಲು ಚಾರ್ಜರನ್ನು ಆಫ್ ಮಾಡಿ. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಕೈಗಡಿಯಾರ, ಉಂಗುರ, ಬಳೆಗಳನ್ನು ತೆಗೆದಿಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಬಕೆಟ್ಟಿನಲ್ಲಿ ನೀರು ಹತ್ತಿರವಿಟ್ಟುಕೊಳ್ಳಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಕ್ಲಾಂಪನ್ನು ಎಂದಿಗೂ ಬಿಚ್ಚಬಾರದು, ಆಲ್ಟರ್ನೇಟರಿನ ಡಯೋಡುಗಳು ಸುಟ್ಟುಹೋಗುತ್ತವೆ.

ಚಾರ್ಜರನ್ನು ಪರೀಕ್ಷಿಸುವುದು

ಬ್ಯಾಟರಿಯನ್ನು ಅನುಮಾನಿಸುವ ಮೊದಲು ಚಾರ್ಜರನ್ನು ಅನುಮಾನಿಸಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ, ಅದರ ಕಡ್ಡಿಗಳನ್ನು ಚಾರ್ಜರಿನ ಟರ್ಮಿನಲ್ಲಿಗಲ್ಲ, ಬ್ಯಾಟರಿಯ ಸೀಸದ ಕಂಬಗಳಿಗೇ ತಾಗಿಸಿ ನೋಡಬೇಕು. ನಡುವಿನ ವೈರು, ಫ್ಯೂಸು, ಲಗ್ಗುಗಳಲ್ಲಿ (ವೈರಿನ ತುದಿಯ ಲೋಹದ ಕೊಂಡಿಗಳಲ್ಲಿ) ಎಲ್ಲಾದರೂ ನಷ್ಟವಾಗುತ್ತಿದ್ದರೆ ಅದು ಆಗಲೇ ತಿಳಿಯುತ್ತದೆ. ಎಂಜಿನ್ ನಿಂತಿದ್ದು ಚಾರ್ಜರ್ ಆನ್ ಇರುವಾಗ, ತುಂಬಿದ 12 ವೋಲ್ಟ್ ಬ್ಯಾಟರಿಯ ಮೇಲೆ 13.5ರಿಂದ 13.8 ವೋಲ್ಟ್ ಕಾಣಬೇಕು. 24 ವೋಲ್ಟಿನ ಸೆಟ್ಟಿನಲ್ಲಿ 27ರಿಂದ 27.6. ಮೀಟರ್ 12.7 ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ಚಾರ್ಜರ್ ಕೆಲಸವನ್ನೇ ಮಾಡುತ್ತಿಲ್ಲ ಎಂದರ್ಥ. ತಿಂಗಳಾನುಗಟ್ಟಲೆ 14.4ರ ಆಸುಪಾಸಿನಲ್ಲೇ ನಿಂತಿದ್ದರೆ ಅದು ಬ್ಯಾಟರಿಯನ್ನು ಕುದಿಸುತ್ತಿದೆ. ಖಾಲಿಯಾದ ಬ್ಯಾಟರಿಯನ್ನು ಕೆಲವು ತಾಸು ತುಂಬಿಸಲು 14.4 ತಕ್ಕ ವೋಲ್ಟೇಜೇ ಹೌದು, ಆದರೆ ಸದಾಕಾಲ ಅಲ್ಲಿಯೇ ಇಟ್ಟರೆ ನೀರು ಆರಿ ಪ್ಲೇಟುಗಳು ತುಕ್ಕು ಹಿಡಿಯುತ್ತವೆ. ಟ್ರಾನ್ಸ್‌ಫಾರ್ಮರ್ ಮತ್ತು ರೆಕ್ಟಿಫೈಯರ್ ಮಾತ್ರ ಇರುವ ಹಳೆಯ ಟ್ರಿಕಲ್ ಚಾರ್ಜರುಗಳ ದೊಡ್ಡ ದೋಷ ಇದೇ: ಲೈನ್ ವೋಲ್ಟೇಜ್ ಏರಿದಂತೆ ಅವೂ ಏರುತ್ತವೆ. ಬೇಗ ತುಂಬಿಸುವ ಹೆಚ್ಚಿನ ವೋಲ್ಟೇಜಿನಿಂದ (ಬೂಸ್ಟ್) ತುಂಬಿದ್ದನ್ನು ಕಾಯುವ ಕಡಿಮೆ ವೋಲ್ಟೇಜಿಗೆ (ಫ್ಲೋಟ್) ತಾನಾಗಿ ಇಳಿಯುವ ಈಗಿನ ಎಲೆಕ್ಟ್ರಾನಿಕ್ ಎಸ್‌ಎಂಪಿಎಸ್ ಚಾರ್ಜರಿಗೆ ಕೊಡುವ ಹಣ ಒಂದು ಬ್ಯಾಟರಿಯನ್ನು ಉಳಿಸಿಕೊಂಡರೂ ವಸೂಲಾದಂತೆಯೇ.

ಹವೆಯ ಬಿಸಿಯನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೇಲೆ ಹೇಳಿದ ಅಂಕಿಗಳು 25 ಡಿಗ್ರಿ ಸೆಲ್ಸಿಯಸ್‌ಗೆ ಹೊಂದುವಂಥವು. ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೂ 12 ವೋಲ್ಟಿನ ಬ್ಯಾಟರಿಗೆ ಸುಮಾರು 0.02 ವೋಲ್ಟಿನಷ್ಟು ಕಡಿಮೆ ಸಾಕಾಗುತ್ತದೆ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಹೊರಗಡೆಯೇ 40 ಡಿಗ್ರಿ ದಾಟುವಾಗ ಫ್ಲೋಟ್ ವೋಲ್ಟೇಜನ್ನು 0.3ರಷ್ಟು ಇಳಿಸಬೇಕು, ಅಂದರೆ 13.5ರ ಬದಲು 13.2 ಸಾಕು. ಉಷ್ಣತೆಗೆ ತಕ್ಕಂತೆ ತಾನೇ ಸರಿಹೊಂದಿಸಿಕೊಳ್ಳುವ ಚಾರ್ಜರ್ ಸಿಕ್ಕಿದರೆ ಅಂಥ ಊರುಗಳಿಗೆ ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. 25 ಡಿಗ್ರಿಗಿಂತ ಮೇಲೆ ಪ್ರತಿ ಹತ್ತು ಡಿಗ್ರಿಗೆ ಬ್ಯಾಟರಿಯ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಆದ್ದರಿಂದ ಕೆನೊಪಿಯೊಳಗೆ ರೇಡಿಯೇಟರಿನ ಬಿಸಿಗಾಳಿ ನೇರವಾಗಿ ಬಡಿಯುವ ಜಾಗದಲ್ಲಿ ಬ್ಯಾಟರಿ ಕುಳಿತಿದ್ದರೆ, ಕೇಬಲ್ಲಿನ ಉದ್ದ ಹೆಚ್ಚಾಗದಂತೆ ನೋಡಿಕೊಂಡು ಅದನ್ನು ಸರಿಸಬಹುದೇ ಎಂದು ಮೆಕ್ಯಾನಿಕ್ಕಿನ ಬಳಿ ವಿಚಾರಿಸಿ.

ಚಾರ್ಜರಿಗೆ ಕರೆಂಟ್ ಎಲ್ಲಿಂದ ಬರುತ್ತಿದೆ ಎಂಬುದನ್ನೂ ಹುಡುಕಿ ನೋಡಬೇಕು. ಪ್ಯಾನಲ್ಲಿನ ಒಳಗೆ ಅದಕ್ಕೆಂದೇ ಒಂದು ಪುಟ್ಟ ಎಂಸಿಬಿ ಅಥವಾ ಗಾಜಿನ ಫ್ಯೂಸ್ ಇರುತ್ತದೆ. ಸಿಡಿಲು ಬಡಿದ ದಿನ ಅದು ಬಿದ್ದಿದ್ದರೆ ಹೊರಗಿನ ಯಾವ ದೀಪವೂ ಅದನ್ನು ಹೇಳದಿರಬಹುದು, ಮುಂದಿನ ಮೂರು ನಾಲ್ಕು ವಾರ ಬ್ಯಾಟರಿ ಸದ್ದಿಲ್ಲದೆ ಇಳಿಯುತ್ತ ಹೋಗುತ್ತದೆ. ಮಲೆನಾಡಿನಲ್ಲಿ ಮುಂಗಾರಿಗೆ ಮುಂಚಿನ ಗುಡುಗು-ಮಳೆಯ ತಿಂಗಳುಗಳಲ್ಲಿ ಈ ಎಂಸಿಬಿಯನ್ನು ವಾರಕ್ಕೊಮ್ಮೆ ಕಣ್ಣಾರೆ ನೋಡುವುದು ತಪ್ಪಬಾರದು. ಕಂಟ್ರೋಲರಿನಲ್ಲಿ ಬ್ಯಾಟರಿ ವೋಲ್ಟೇಜ್ ಇಳಿದರೆ ಎಚ್ಚರಿಸುವ ಅಲಾರಂ ಇದ್ದರೆ ಅದನ್ನು 12.2 ವೋಲ್ಟಿಗೆ ಹೊಂದಿಸಿಕೊಳ್ಳಿ. ಅಲಾರಂ ತೀರ ಕೆಳಗಿನ ವೋಲ್ಟೇಜಿಗೆ ಹೊಂದಿಸಿದ್ದರೆ ಅದು ಕೂಗುವ ಹೊತ್ತಿಗೆ ಏನೂ ಮಾಡಲಾಗದ ಸ್ಥಿತಿ ಬಂದಿರುತ್ತದೆ.

ಇನ್ನು ಎಂಜಿನ್ನಿನ ಆಲ್ಟರ್ನೇಟರ್. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಕಂಡರೆ ಅದು ಸರಿಯಿದೆ. ಕೀಲಿ ತಿರುಗಿಸಿದಾಗ ಹೊತ್ತಿ, ಎಂಜಿನ್ ಹತ್ತಿಕೊಂಡ ಮೇಲೆ ಆರುವ ಬ್ಯಾಟರಿ ಚಿಹ್ನೆಯ ಕೆಂಪು ದೀಪವನ್ನು ಗಮನಿಸಿ. ಅನೇಕ ಸೆಟ್‌ಗಳಲ್ಲಿ ಆಲ್ಟರ್ನೇಟರ್ ಚಾರ್ಜ್ ಮಾಡಲು ತೊಡಗುವುದಕ್ಕೆ ಬೇಕಾದ ಅಲ್ಪ ಕರೆಂಟ್ ಇದೇ ಬಲ್ಬಿನ ಮೂಲಕ ಹೋಗುತ್ತದೆ. ಬಲ್ಬ್ ಸುಟ್ಟಿದ್ದರೆ ಆಲ್ಟರ್ನೇಟರ್ ಸುಮ್ಮನೆ ತಿರುಗುತ್ತದೆಯೇ ಹೊರತು ಚಾರ್ಜ್ ಮಾಡದೆ ಇರಬಹುದು. ದೀಪ ಉರಿಯುತ್ತಿಲ್ಲ, ಅಂದರೆ ಎಲ್ಲವೂ ಚೆನ್ನಾಗಿದೆ ಎಂದು ತಿಳಿದುಕೊಳ್ಳುವುದು ಇಲ್ಲಿ ಮೋಸಹೋಗುವ ದಾರಿ. ಕೀಲಿ ತಿರುಗಿಸಿದಾಗ ಅದು ಒಮ್ಮೆ ಹೊತ್ತಲೇಬೇಕು. ಹಲವು ಸಾವಿರ ರೂಪಾಯಿಯ ಆಲ್ಟರ್ನೇಟರನ್ನು ಬಿಚ್ಚಿಸುವ ಮೊದಲು ಈ ಬಲ್ಬನ್ನು ನೋಡಿ.

ಬ್ಯಾಟರಿಯನ್ನು ಅಳೆಯುವುದು

ಚಾರ್ಜರಿನಿಂದ ಬಿಡಿಸಿದ ಕೂಡಲೇ ಅಳೆದರೆ ಬ್ಯಾಟರಿ ಇರುವುದಕ್ಕಿಂತ ಹೆಚ್ಚು ವೋಲ್ಟೇಜ್ ತೋರಿಸುತ್ತದೆ. ಚಾರ್ಜರ್ ಆಫ್ ಮಾಡಿ ಕನಿಷ್ಠ ನಾಲ್ಕು ತಾಸು ಬಿಟ್ಟು ಅಳೆಯಿರಿ. ಒಂದು ಸೆಲ್ಲಿಗೆ ಸುಮಾರು 2.1 ವೋಲ್ಟಿನಂತೆ ಆರು ಸೆಲ್ಲುಗಳಿಗೆ 12.6 ಅಥವಾ 12.7 ಬಂದರೆ ಪೂರ್ತಿ ತುಂಬಿದೆ, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ. ಹನ್ನೆರಡು ವೋಲ್ಟಿನ ಬ್ಯಾಟರಿ ಹನ್ನೆರಡು ವೋಲ್ಟ್ ತೋರಿಸುತ್ತಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರು ಬಹಳ, ಆದರೆ ಆ ಅಂಕಿ ಬಂದಾಗ ಅದು ಬಹುಮಟ್ಟಿಗೆ ಖಾಲಿಯಾಗಿರುತ್ತದೆ. ಹತ್ತೆಂಟು ತಾಸು ಚಾರ್ಜ್ ಮಾಡಿದ ಮೇಲೂ 10.5ರಲ್ಲೇ ನಿಂತರೆ ಒಂದು ಸೆಲ್ ಶಾರ್ಟ್ ಆಗಿದೆ, ಐದೇ ಉಳಿದಿವೆ, ಅದಕ್ಕೆ ರಿಪೇರಿಯಿಲ್ಲ.

ವೋಲ್ಟೇಜ್ ಹೇಳದ ಸಂಗತಿಯನ್ನು ಸೆಲ್ಫ್ ಹೊಡೆಯುವ ಕ್ಷಣ ಹೇಳುತ್ತದೆ. ಮೀಟರಿನ ಕಡ್ಡಿಗಳನ್ನು ಬ್ಯಾಟರಿಗೆ ಭದ್ರವಾಗಿ ಕಚ್ಚಿಸಿ, ಕನಿಷ್ಠ ಅಂಕಿಯನ್ನು ಹಿಡಿದಿಡುವ ಗುಂಡಿ ಮೀಟರಿನಲ್ಲಿದ್ದರೆ ಒತ್ತಿ, ಫ್ಯಾನಿನಿಂದ ದೂರ ನಿಂತು, ಇನ್ನೊಬ್ಬರಿಂದ ಸ್ಟಾರ್ಟ್ ಮಾಡಿಸಿ. ಗಟ್ಟಿಮುಟ್ಟಾದ ಬ್ಯಾಟರಿಯಲ್ಲಿ ಅಂಕಿ 12.6ರಿಂದ ಹತ್ತೂವರೆ-ಹನ್ನೊಂದರ ಹತ್ತಿರಕ್ಕೆ ಜಾರಿ, ಎಂಜಿನ್ ತಿರುಗುತ್ತಿರುವವರೆಗೂ ಅಲ್ಲಿಯೇ ನಿಂತು, ಹತ್ತಿಕೊಂಡ ಕೂಡಲೇ ಹದಿನಾಲ್ಕರ ಕಡೆಗೆ ಮೇಲೇರುತ್ತದೆ. 9.6ಕ್ಕಿಂತ ಕೆಳಗಿಳಿದರೆ, ಅಥವಾ ಸೆಲ್ಫ್ ಮೋಟಾರ್ ತಿರುಗದೆ ಬರೀ ಟಕಟಕ ಸದ್ದು ಬಂದರೆ, ಬ್ಯಾಟರಿ ಇಳಿದಿದೆ ಅಥವಾ ಸೋತಿದೆ. ಆದರೆ ಬ್ಯಾಟರಿಯ ಮೇಲೆ ಅಂಕಿ ಚೆನ್ನಾಗಿಯೇ ಇದ್ದು ಸೆಲ್ಫ್ ಮಾತ್ರ ಎಳೆದೆಳೆದು ತಿರುಗುತ್ತಿದ್ದರೆ, ದೋಷ ಕೇಬಲ್ಲಿನಲ್ಲಿ, ಕ್ಲಾಂಪಿನಲ್ಲಿ ಅಥವಾ ಎಂಜಿನ್ ಬಾಡಿಗೆ ಕಟ್ಟಿದ ನೆಗೆಟಿವ್ ಲಗ್ಗಿನಲ್ಲಿರುತ್ತದೆ. ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಎಂಜಿನ್ ಬಾಡಿಗೂ ನಡುವೆ ಮೀಟರ್ ಹಿಡಿದು ಮತ್ತೊಮ್ಮೆ ಸ್ಟಾರ್ಟ್ ಮಾಡಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಕಳ್ಳ ಅಲ್ಲಿಯೇ ಸಿಕ್ಕಿದಂತೆ.

ಮುಚ್ಚಳ ತೆಗೆಯಲು ಬರುವ ಬ್ಯಾಟರಿಗೆ, ಆಸಿಡ್ಡಿನ ಸಾಂದ್ರತೆಯನ್ನು (ಗ್ರಾವಿಟಿ) ಅಳೆಯುವ ಹೈಡ್ರೋಮೀಟರಿಗಿಂತ ನಂಬಿಕಸ್ಥ ಸಾಧನ ಬೇರೆಯಿಲ್ಲ. ತುಂಬಿದ ಬ್ಯಾಟರಿಯಲ್ಲಿ ಆಸಿಡ್ಡಿನ ಗ್ರಾವಿಟಿ ಎಷ್ಟಿರಬೇಕೆಂಬುದು ಅದರ ಲೇಬಲ್ಲಿನ ಮೇಲೇ ಇರುತ್ತದೆ. ನಮ್ಮ ಹವೆಗೆಂದು ತುಂಬಿದವುಗಳಲ್ಲಿ 1.240ರ ಆಸುಪಾಸು ಸಾಮಾನ್ಯ. ಅಂಕಿಗಿಂತಲೂ ಮುಖ್ಯವಾದದ್ದು ಆರು ಸೆಲ್ಲುಗಳ ನಡುವಿನ ಹೊಂದಾಣಿಕೆ. ಐದರಲ್ಲಿ 1.240 ಇದ್ದು ಒಂದರಲ್ಲಿ 1.180 ಬಂದರೆ ಆ ಬ್ಯಾಟರಿಗೆ ಹೆಚ್ಚು ದಿನವಿಲ್ಲ. ನೀರು ಹಾಕಿದ ಕೂಡಲೇ ಗ್ರಾವಿಟಿ ನೋಡಬೇಡಿ, ನೀರು ಮೇಲೆಯೇ ತೇಲುತ್ತಿದ್ದು ಸುಳ್ಳು ಅಂಕಿ ಕೊಡುತ್ತದೆ. ಮೇಂಟೆನೆನ್ಸ್-ಫ್ರೀ ಬ್ಯಾಟರಿಯ ಮೇಲಿರುವ ಹಸಿರು ಕಣ್ಣು ಒಂದೇ ಒಂದು ಸೆಲ್ಲಿನ ಸ್ಥಿತಿಯನ್ನು ತೋರಿಸುವುದರಿಂದ ಅದರ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ.

ನೀರು, ಟರ್ಮಿನಲ್ ಮತ್ತು ವಾಚ್‌ಮನ್ ದೀಪ

ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನೀರಿನ ಮಟ್ಟ ನೋಡಬೇಕು. ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರಿರಲಿ, ಕಾವೇರಿ ನೀರಿರಲಿ, ಕುಡಿಯಲೆಂದು ಶುದ್ಧೀಕರಿಸಿದ ಕ್ಯಾನ್ ನೀರಿರಲಿ, ಅದರಲ್ಲಿರುವ ಕಬ್ಬಿಣ ಮತ್ತು ಕ್ಲೋರೈಡ್ ಪ್ಲೇಟುಗಳನ್ನು ತಿನ್ನುತ್ತವೆ ಮತ್ತು ಬ್ಯಾಟರಿ ತಾನಾಗಿ ಇಳಿಯುವ ವೇಗವನ್ನು ಹೆಚ್ಚಿಸುತ್ತವೆ. ಆಸಿಡ್ ಹಾಕಲೇಬಾರದು, ಆರಿಹೋಗುವುದು ನೀರು, ಆಸಿಡ್ಡಲ್ಲ. ಪ್ಲೇಟುಗಳು ಹೊರಗೆ ಕಾಣುತ್ತಿದ್ದರೆ ಅವು ಮುಳುಗುವಷ್ಟು ಮೊದಲೇ ಹಾಕಿ, ಉಳಿದದ್ದನ್ನು ಪೂರ್ತಿ ಚಾರ್ಜ್ ಆದ ಮೇಲೆ ಗುರುತಿನವರೆಗೆ ತುಂಬಿಸಿ. ಮೊದಲೇ ಕಂಠಮಟ್ಟ ತುಂಬಿದರೆ ಚಾರ್ಜ್ ಆಗುವಾಗ ಉಬ್ಬಿ ಹೊರಚೆಲ್ಲುತ್ತದೆ. ಆರರಲ್ಲಿ ಒಂದೇ ಸೆಲ್ ಮತ್ತೆ ಮತ್ತೆ ನೀರು ಕೇಳಿದರೆ ದೋಷ ಆ ಸೆಲ್ಲಿನದು. ಎಲ್ಲವೂ ಒಟ್ಟಿಗೆ ಕೇಳಿದರೆ ಚಾರ್ಜರಿನದು.

ಟರ್ಮಿನಲ್ಲುಗಳ ಮೇಲೆ ಬೆಳೆಯುವ ನೀಲಿ-ಬಿಳಿ ಹುಡಿಯನ್ನು ಬಿಸಿನೀರಿನಲ್ಲಿ ಕದಡಿದ ಅಡುಗೆ ಸೋಡಾದಿಂದ ತೊಳೆದು, ನೊರೆ ನಿಂತ ಮೇಲೆ ಒರೆಸಿ, ಕಂಬವನ್ನೂ ಕ್ಲಾಂಪಿನ ಒಳಮೈಯನ್ನೂ ಹೊಳೆಯುವಂತೆ ಉಜ್ಜಿ, ಬಿಗಿಯಾಗಿ ಕೂರಿಸಿದ ನಂತರ ಹೊರಗಿನಿಂದ ವ್ಯಾಸಲೀನ್ ಹಚ್ಚಬೇಕು. ಹಚ್ಚಿ ಕೂರಿಸುವುದಲ್ಲ, ಕೂರಿಸಿ ಹಚ್ಚುವುದು. ಸೋಡಾ ನೀರು ಸೆಲ್ಲಿನೊಳಗೆ ಹೋಗದಂತೆ ಮುಚ್ಚಳಗಳು ಬಿಗಿಯಾಗಿರಲಿ. ಮಂಗಳೂರು, ಕಾರವಾರಗಳಂಥ ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿಯಿಂದಾಗಿ ಈ ಕೆಲಸವನ್ನು ಇನ್ನಷ್ಟು ಬೇಗಬೇಗನೆ ಮಾಡಬೇಕಾಗುತ್ತದೆ. ಬ್ಯಾಟರಿಯ ಮೇಲ್ಮೈ ಒದ್ದೆಯಾಗಿ ಧೂಳು ಕುಳಿತಿದ್ದರೆ ಅದರ ಮೂಲಕವೂ ಎರಡು ಕಂಬಗಳ ನಡುವೆ ಚಾರ್ಜ್ ಸೋರುತ್ತದೆ, ಆದ್ದರಿಂದ ಒಣಬಟ್ಟೆಯಿಂದ ಒರೆಸಿಡಿ.

ದೊಡ್ಡ ಸೆಟ್‌ಗಳಲ್ಲಿ ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಇಲ್ಲಿ ನಡೆಯುವ ಒಂದು ಎಡವಟ್ಟನ್ನು ಎಷ್ಟೋ ಕಡೆ ಕಾಣಬಹುದು: ಜನರೇಟರ್ ಕೋಣೆಯ ಪುಟ್ಟ ಎಲ್‌ಇಡಿ ದೀಪಕ್ಕೋ ಮೊಬೈಲ್ ಚಾರ್ಜರಿಗೋ ಎರಡರಲ್ಲಿ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದಿರುತ್ತಾರೆ. ಆ ಬ್ಯಾಟರಿ ದಿನವೂ ಇಷ್ಟಿಷ್ಟೇ ಇಳಿಯುತ್ತದೆ. ಚಾರ್ಜರಾದರೋ ಒಟ್ಟು 27 ವೋಲ್ಟನ್ನು ಮಾತ್ರ ನೋಡುವುದರಿಂದ, ಇಳಿದ ಬ್ಯಾಟರಿಗೆ 12.8, ಇನ್ನೊಂದಕ್ಕೆ 14.2 ಹಂಚಿಕೆಯಾಗಿ, ಒಂದು ಹಸಿವಿನಿಂದಲೂ ಮತ್ತೊಂದು ಅಜೀರ್ಣದಿಂದಲೂ ಸಾಯುತ್ತವೆ. ಫ್ಲೋಟ್‌ನಲ್ಲಿರುವಾಗ ಎರಡನ್ನೂ ಬೇರೆಬೇರೆಯಾಗಿ ಅಳೆಯಿರಿ, ಕಾಲು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ದೀಪ ಬೇಕೇ ಬೇಕೆಂದಾದರೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ. ಎರಡರಲ್ಲಿ ಒಂದು ಕೆಟ್ಟರೆ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕೆಂಬ ಮೆಕ್ಯಾನಿಕ್ಕಿನ ಮಾತು ವ್ಯಾಪಾರದ ಮಾತಲ್ಲ.

ಇಳಿದುಹೋದ ಮೇಲೆ

ಬ್ಯಾಟರಿ ಪೂರ್ತಿ ಇಳಿದಿದ್ದರೆ ಫ್ಲೋಟ್ ಚಾರ್ಜರಿನಿಂದ ಅದನ್ನು ಮೇಲೆತ್ತುವುದು ಕಷ್ಟ. ಬಿಚ್ಚಿ, ಗಾಳಿಯಾಡುವ ಜಾಗದಲ್ಲಿಟ್ಟು, ಅದರ ಆಂಪಿಯರ್-ಅವರ್‌ನ ಹತ್ತನೆಯ ಒಂದು ಭಾಗದಷ್ಟು ಕರೆಂಟಿನಲ್ಲಿ, ಅಂದರೆ 100 ಆಂಪಿಯರ್-ಅವರ್ ಬ್ಯಾಟರಿಗೆ 10 ಆಂಪಿಯರಿನಲ್ಲಿ, ಹನ್ನೆರಡರಿಂದ ಹದಿನಾಲ್ಕು ತಾಸು ಚಾರ್ಜ್ ಮಾಡಿಸಬೇಕು. ಒಂದೊಂದು ತಾಸಿನ ಅಂತರದಲ್ಲಿ ಮೂರು ಸಲ ನೋಡಿದಾಗಲೂ ವೋಲ್ಟೇಜ್ ಮತ್ತು ಗ್ರಾವಿಟಿ ಏರದೆ ನಿಂತಿದ್ದರೆ ತುಂಬಿದೆ ಎಂದರ್ಥ. ಅವಸರಕ್ಕೆ ಕಾರಿನ ಬ್ಯಾಟರಿಯಿಂದ ಜಂಪ್ ಕೊಡುವುದು 12 ವೋಲ್ಟಿನ ಸಣ್ಣ ಸೆಟ್‌ಗಳಿಗೆ ಮಾತ್ರ ಸರಿ. 24 ವೋಲ್ಟಿನ ಸೆಟ್ಟಿಗೆ ಕಾರನ್ನು ಜೋಡಿಸಲೇಬಾರದು. ಹಾಗೆ ಕೊಡುವಾಗಲೂ ಕೊನೆಯ ನೆಗೆಟಿವ್ ಕ್ಲಿಪ್ಪನ್ನು ಬ್ಯಾಟರಿಗಲ್ಲ, ಅದರಿಂದ ದೂರದ ಎಂಜಿನ್ ಬಾಡಿಗೆ ಕಚ್ಚಿಸಿ. ಮನೆಯ ಇನ್ವರ್ಟರಿನಿಂದ ತೆಗೆದ ಹಳೆಯ ಟ್ಯೂಬ್ಯುಲರ್ ಬ್ಯಾಟರಿಯನ್ನು ಜನರೇಟರಿಗೆ ಹಾಕಿ ಉಳಿತಾಯ ಮಾಡುವ ಆಲೋಚನೆ ಬೇಡ. ತಾಸುಗಟ್ಟಲೆ ಕಡಿಮೆ ಕರೆಂಟ್ ಕೊಡಲೆಂದು ಮಾಡಿದ ಬ್ಯಾಟರಿ ಅದು, ಒಮ್ಮೆಲೇ ನೂರಾರು ಆಂಪಿಯರ್ ಕೊಡುವ ಕೆಲಸಕ್ಕೆ ತಕ್ಕದ್ದಲ್ಲ.

ಜನರೇಟರನ್ನು ತಿಂಗಳಿಗೊಮ್ಮೆಯಾದರೂ ಅರ್ಧ ತಾಸು, ಖಾಲಿಯಾಗಿ ಅಲ್ಲ, ಲಿಫ್ಟು-ಪಂಪುಗಳ ಲೋಡ್ ಹಾಕಿ ಓಡಿಸಿ. ಇದು ಬ್ಯಾಟರಿಗಿಂತ ಹೆಚ್ಚಾಗಿ ಎಂಜಿನ್ನಿನ ಹಿತಕ್ಕೆ ಬೇಕು. ಆ ದಿನವೇ ಡೀಸೆಲ್ ರಿಜಿಸ್ಟರಿನಲ್ಲಿ ಇನ್ನೆರಡು ಕಾಲಂ ಎಳೆದು, ಚಾರ್ಜರ್ ಆಫ್ ಆಗಿದ್ದಾಗಿನ ವೋಲ್ಟೇಜನ್ನೂ ಸೆಲ್ಫ್ ಹೊಡೆದಾಗ ಇಳಿದ ಕನಿಷ್ಠ ವೋಲ್ಟೇಜನ್ನೂ ಬರೆದಿಡಿ. ಎರಡನೆಯ ಕಾಲಮ್ಮಿನಲ್ಲಿ 10.8, 10.6, 10.3 ಎಂದು ಅಂಕಿ ತಿಂಗಳಿಂದ ತಿಂಗಳಿಗೆ ಕೆಳಗಿಳಿಯತೊಡಗಿದರೆ, ಮದುವೆಯ ಸಂಜೆಯೋ ಲಿಫ್ಟಿನಲ್ಲಿ ಯಾರೋ ಸಿಕ್ಕಿಕೊಂಡಾಗಲೋ ತಿಳಿಯಬೇಕಾದ ಸಂಗತಿ ಎಷ್ಟೋ ವಾರ ಮೊದಲೇ ತಿಳಿಯುತ್ತದೆ.

ಹೊಸ ಬ್ಯಾಟರಿ ತರುವಾಗ ಅದರ ತಯಾರಿಕೆಯ ತಿಂಗಳನ್ನು ನೋಡಿ. ಅಂಗಡಿಯಲ್ಲಿ ಆರು ತಿಂಗಳು ಚಾರ್ಜಿಲ್ಲದೆ ಕುಳಿತಿದ್ದರೆ ಬೇರೆಯದನ್ನು ಕೇಳಿ. ಜೋಡಿಸುವ ಮೊದಲು ಪೂರ್ತಿ ಚಾರ್ಜ್ ಮಾಡಿಸಿ, ಜೋಡಿಸಿದ ದಿನವೇ ಫ್ಲೋಟ್ ವೋಲ್ಟೇಜನ್ನು ಅಳೆಯಿರಿ. ಹಳೆಯದನ್ನು ಗುಜರಿಗೆ ಹಾಕಬಾರದು, ಅದರ ಆಸಿಡ್ಡನ್ನು ಚರಂಡಿಗೆ ಸುರಿಯಲೂ ಬಾರದು; 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ಅಧಿಕೃತ ಸಂಗ್ರಹಣೆ ಅಥವಾ ಮರುಬಳಕೆಯ ವ್ಯವಸ್ಥೆಗೇ ಹೋಗಬೇಕು. ಡೀಲರ್ ಹಳೆಯ ಬ್ಯಾಟರಿಗೆ ಕಳೆದುಕೊಡುವ ಮೊತ್ತವನ್ನು ಬಿಲ್ಲಿನಲ್ಲಿಯೇ ಬರೆಸಿಕೊಂಡರೆ ಅಸೋಸಿಯೇಷನ್ನಿನ ಲೆಕ್ಕವೂ ಸರಿಯಾಗಿರುತ್ತದೆ.